ಅಟ್ಟದ ಕಂಡಿಯಲ್ಲಿ ನೆಟ್ಟಗೆ

ನನ್ನನ್ನು ಹೆಣ್ಣು ನೋಡಲು ಬಂದ ದಿನ ನಾನು ಒಂದು ಸಲವೂ ಎದ್ದು ನಿಲ್ಲಲಿಲ್ಲ. ಅದು ನಮ್ಮಮ್ಮನ ಅಪ್ಪಣೆ. ಗಂಡಿನ ಕಡೆಯವರು ಅಂಗಳಕ್ಕೆ ಕಾಲಿಡುವ ಮೊದಲೇ ನನ್ನನ್ನು ಚಾಪೆಯ ಮೇಲೆ ಕೂರಿಸಿದ್ದಾಯಿತು. ಕಾಫಿಯನ್ನು ತಂಗಿ ತಂದಳು, ಎಲೆಯಡಿಕೆ ತಟ್ಟೆಯನ್ನು ಅಮ್ಮನೇ ಹಿಡಿದರು. ಹಿರಿಯರಿಗೆ ನಮಸ್ಕಾರ ಮಾಡುವಾಗಲೂ ಮಂಡಿಯೂರಿದವಳು ಹಾಗೇ ಮಂಡಿಯ ಮೇಲೆ ಹಿಂದಕ್ಕೆ ಸರಿದು ಚಾಪೆ ಸೇರಿಕೊಂಡೆ. ಬಂದವರು ಬಸ್ಸಿಗೆ ಹೊರಟು ಬೀದಿಯ ತಿರುವು ದಾಟುವವರೆಗೂ ಅಮ್ಮ ಬಾಗಿಲ ಸಂದಿಯಿಂದ "ಏಳ್ಬೇಡ ಕಣೇ" ಎಂದು ಕಣ್ಣಲ್ಲೇ ಗದರಿಸುತ್ತಿದ್ದರು. ನನ್ನ ಕಾಲು ಜೋಮು ಹಿಡಿದು, ಆಮೇಲೆ ಎಬ್ಬಿಸಲು ಇಬ್ಬರು ಬೇಕಾಯಿತು.

ಕಾರಣ ಇಷ್ಟೇ: ನಾನು ಎತ್ತರ. ಕಂದಿಕೆರೆ ಕಡೆಯ ನಮ್ಮೂರಿನಲ್ಲಿ ನನ್ನಷ್ಟು ಎತ್ತರದ ಹೆಂಗಸು ಇನ್ನೊಬ್ಬಳಿರಲಿಲ್ಲ. ಗಂಡಸರಲ್ಲಿ ಹುಡುಕಿದರೆ ಐದಾರು ಜನ ಸಿಗುತ್ತಿದ್ದರೇನೋ. ಹದಿಮೂರನೇ ವಯಸ್ಸಿಗೆ ನಾನು ಅಪ್ಪನ ಭುಜ ದಾಟಿದ ದಿನದಿಂದ ಮನೆಯಲ್ಲಿ ನನಗೆ ಸಿಕ್ಕಿದ ಉಪದೇಶ ಒಂದೇ, "ಸ್ವಲ್ಪ ಬಗ್ಗಿ ನಡೀ". ಮೊದಲು ಬಂದ ಎರಡು ಸಂಬಂಧಗಳು ನಾನು ಕಾಫಿ ಕೊಡಲು ಎದ್ದು ನಿಂತ ಕೂಡಲೇ ತಿರುಗಿ ಹೋಗಿದ್ದವು. ಮೂರನೆಯದಕ್ಕೆ ಅಮ್ಮ ಚಾಪೆಯ ಉಪಾಯ ಕಂಡುಹಿಡಿದರು. ನನಗೆ ಆಗಲೇ ಕೋಪ ಬಂದಿತ್ತು, ಈಗಲೂ ಇದೆ. ಆದರೆ ಉಪಾಯ ಫಲಿಸಿದ್ದನ್ನು ಅಲ್ಲಗಳೆಯುವಂತಿಲ್ಲ.

ಮದುವೆಯ ದಿನ ಧಾರೆ ಸೀರೆಯೊಳಗೆ ಮಂಡಿ ಮಡಚಿಕೊಂಡೇ ನಿಂತೆ. ಹಾರ ಹಾಕುವಾಗ ಓರೆಗಣ್ಣಿನಲ್ಲಿ ಅಳೆದು ನೋಡಿದೆ. ನಮ್ಮ ಯಜಮಾನರು ನನಗಿಂತ ನಾಲ್ಕು ಬೆರಳು ಗಿಡ್ಡ. ಮುಖ ಚೆನ್ನಾಗಿತ್ತು, ನಗು ಇನ್ನೂ ಚೆನ್ನಾಗಿತ್ತು. ಆ ನಾಲ್ಕು ಬೆರಳನ್ನು ಜೀವಮಾನವಿಡೀ ಮಂಡಿಯಲ್ಲೇ ಬಚ್ಚಿಟ್ಟುಕೊಂಡರಾಯಿತು ಎಂದು ಅಲ್ಲೇ ತೀರ್ಮಾನಿಸಿದೆ. ವಾರದ ನಂತರ ತಿಪಟೂರಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲಿ ನಮ್ಮಿಬ್ಬರ ತಲೆ ಗೆರೆ ಎಳೆದಂತೆ ಸಮ ಬಂದಿತ್ತು. ನನ್ನ ಮಂಡಿಗಳ ಬಗ್ಗೆ ನನಗೇ ಹೆಮ್ಮೆ ಎನಿಸಿತು.

ಗಂಡನ ಮನೆ ದಂಡಿನಶಿವರದ ಕಡೆಯ ಒಂದು ಹಳ್ಳಿ. ತೋಟದ ಮನೆತನ. ಆ ಮನೆಯೊಳಗೆ ಕಾಲಿಟ್ಟ ಮೊದಲ ದಿನವೇ ನನ್ನ ಹಣೆ ತೊಲೆಗೆ ಬಡಿದು ಕಣ್ಣಲ್ಲಿ ನೀರು ಬಂತು. ಜೊತೆಗೇ ದೊಡ್ಡ ನೆಮ್ಮದಿಯೂ ಬಂತು. ಏಕೆಂದರೆ ಆ ಮನೆಯಲ್ಲಿ ಎಲ್ಲರೂ ಬಗ್ಗಿಯೇ ನಡೆಯುತ್ತಿದ್ದರು.

ಅದಕ್ಕೆ ಕಾರಣ ಅಟ್ಟ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಮುಕ್ಕಾಲು ಪಾಲು ಕಾಯುವ ಕೆಲಸ. ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಲೆಯ ಬಿಸಿ, ಹೊಗೆ ಕೆಳಗಿನಿಂದ ತಾಗುತ್ತಾ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಬಿಸಿ ಚೆನ್ನಾಗಿ ತಾಗಲಿ ಎಂದು ಆ ಮನೆಯ ಪೂರ್ವಿಕರು ಅಟ್ಟವನ್ನು ಎಷ್ಟು ತಗ್ಗಿಸಿ ಕಟ್ಟಿದ್ದರೆಂದರೆ, ನಾನು ನೆಟ್ಟಗೆ ನಿಂತರೆ ಅದು ನನ್ನ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ಮಾವನವರು ಕುತ್ತಿಗೆ ಬಗ್ಗಿಸಿ ನಡೆಯುತ್ತಿದ್ದರು. ಯಜಮಾನರು ಭುಜ ಬಗ್ಗಿಸಿ ನಡೆಯುತ್ತಿದ್ದರು. ಮಾವನ ತಾಯಿ, ಎಂಬತ್ತರ ಆಸುಪಾಸಿನ ಅಜ್ಜಿ, ಸೊಂಟದಲ್ಲಿ ಎರಡಾಗಿ ಮಡಚಿಹೋಗಿದ್ದರು. ತಲೆ ಎತ್ತಿ ನಡೆಯುವ ಅಧಿಕಾರ ಆ ಮನೆಯಲ್ಲಿ ಅತ್ತೆಯವರಿಗೆ ಮಾತ್ರ ಇತ್ತು. ಅವರು ತೀರಾ ಕುಳ್ಳಗಿದ್ದರು.

ಹೀಗೆ ಎರಡು ವರ್ಷ ನನ್ನ ಗುಟ್ಟು ಅಟ್ಟದ ಕೆಳಗೆ ಸುರಕ್ಷಿತವಾಗಿತ್ತು. ಮನೆಯಿಂದ ಹೊರಗೆ ಹೋಗುವಾಗ ಯಜಮಾನರು ಆಗ ಬಂದಿದ್ದ ಫ್ಯಾಷನ್ನಿನ ಎತ್ತರ ಹಿಮ್ಮಡಿಯ ಬೂಟು ಹಾಕುತ್ತಿದ್ದರು. ಅಗಲ ಪ್ಯಾಂಟಿನೊಳಗೆ ಅದು ಕಾಣುತ್ತಿರಲಿಲ್ಲ. ತೋಟದ ಕೆಮ್ಮಣ್ಣಿನಲ್ಲಿ ಆ ಬೂಟಿನ ಗುರುತು ನೋಡಿ ಆಳುಗಳು "ಯಾವ್ದೋ ಹೊಸ ಎತ್ತು ಬಂದೈತೆ" ಎಂದು ನಗುತ್ತಿದ್ದರು. ನಾನು ಅದನ್ನು ಅವರ ಶೋಕಿ ಎಂದುಕೊಂಡಿದ್ದೆ.

ಮೂರನೇ ವರ್ಷ ನಾನು ಬಸುರಿಯಾದೆ. ನಾಲ್ಕು ತಿಂಗಳು ಸಲೀಸಾಗಿ ಕಳೆಯಿತು. ಐದಕ್ಕೆ ಬಿದ್ದದ್ದೇ ಸೊಂಟ ಹಿಡಿಯಿತು. ಬಗ್ಗಿದರೆ ಏಳಲಾಗದು, ಎದ್ದರೆ ಕೂರಲಾಗದು. ರಾಗಿ ಮುದ್ದೆ ತಿರುವುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಅತ್ತೆಯವರು ಹರಳೆಣ್ಣೆ ತಿಕ್ಕಿದರು, ಬಿಸಿನೀರು ಹುಯ್ದರು, ಕೊನೆಗೆ "ಕಸ ಗುಡಿಸು, ಬಗ್ಗಿದಷ್ಟೂ ಹೆರಿಗೆ ಸಲೀಸು" ಎಂದು ಮೋಟು ಪೊರಕೆಯನ್ನು ಕೈಗೆ ಕೊಟ್ಟರು. ನಾನು ಗುಡಿಸಿದೆ. ಗುಡಿಸಿದ ಕಸದ ಪಕ್ಕದಲ್ಲೇ ಕುಳಿತು ಗೋಳೋ ಎಂದು ಅತ್ತುಬಿಟ್ಟೆ. ಮರುದಿನ ಅತ್ತೆಯವರೇ ನನ್ನನ್ನು ಬಸ್ಸು ಹತ್ತಿಸಿ ತುರುವೇಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿದ್ದ ನರ್ಸಮ್ಮ ಅಗಲ ಭುಜದ, ದೊಡ್ಡ ದನಿಯ ಹೆಂಗಸು. ನನ್ನನ್ನು ಬಾಗಿಲಿನಿಂದ ಮೇಜಿನವರೆಗೆ ನಡೆಸಿದರು, ಮತ್ತೆ ವಾಪಸ್ಸು ನಡೆಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ಯಾಕಮ್ಮ ಹೀಗೆ ಗೂನು ಬೆನ್ನು ಮಾಡ್ಕೊಂಡಿದ್ದೀಯಾ? ನಿಮ್ಮ ಮನೇಲಿ ನೆಟ್ಟಗೆ ನಿಲ್ಲೋಕೆ ಜಾಗ ಇಲ್ವಾ?"

ಅವರಿಗೆ ಅದು ಮಾತಿನ ಓಘದಲ್ಲಿ ಬಂದ ಪ್ರಶ್ನೆ. ಅತ್ತೆಯವರಿಗೆ ಮನೆತನದ ಮೇಲೇ ಕೈಹಾಕಿದಂತಾಯಿತು. "ನಮ್ದು ನಾಕಂಕಣದ ದೊಡ್ಡ ಮನೆ ಕಣ್ರೀ. ಅಟ್ಟ ತುಂಬ ಕಾಯಿ ಐತೆ" ಎಂದು ಸಿಡುಕಿದರು.

"ಕಾಯಿ ಇರಲಿ ತಾಯಿ, ಸೊಸೆ ಬೆನ್ನು ನೋಡಿ" ಎಂದ ನರ್ಸಮ್ಮ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. "ಹಿಮ್ಮಡಿ, ಕುಂಡಿ, ಹೆಗಲು, ತಲೆ, ನಾಲ್ಕೂ ಗೋಡೆಗೆ ತಾಗಬೇಕು. ಗದ್ದ ಮುಂದಕ್ಕೆ ಚಾಚಬೇಡ. ಹೊಟ್ಟೆ ಮುಂದಕ್ಕೆ ನೂಕಿ ಸೊಂಟದ ಮೇಲೆ ಕೈ ಇಡೋದೂ ಬೇಡ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಹೀಗೆ ನಿಂತ್ಕೋ. ಬಿಂದಿಗೆ ಎತ್ತುವಾಗ ಮಂಡಿ ಮಡಚು, ಸೊಂಟ ಬಗ್ಗಿಸಬೇಡ. ಮಲಗಿದೋಳು ಏಳುವಾಗ ಮಗ್ಗುಲಾಗಿ ಏಳು. ಹೀಗೇ ಬಾಗಿಕೊಂಡಿದ್ದರೆ ಒಂಬತ್ತನೇ ತಿಂಗಳಿಗೆ ಹಾಸಿಗೆ ಬಿಟ್ಟು ಏಳೋಕೂ ಕಷ್ಟ ಆಗುತ್ತೆ ನೋಡು."

ಆ ಗೋಡೆಗೆ ಒರಗಿ ನಾನು ನಿಂತೆ. ಹದಿಮೂರನೇ ವಯಸ್ಸಿನ ನಂತರ ಪೂರ್ತಿಯಾಗಿ ನಿಂತದ್ದು ಅದೇ ಮೊದಲು. ಸೊಂಟದ ನೋವು ಅರ್ಧಕ್ಕರ್ಧ ಇಳಿಯಿತು. ಜೊತೆಗೆ ಪಕ್ಕದಲ್ಲಿದ್ದ ಅತ್ತೆಯವರ ಮುಖ ನಿಧಾನವಾಗಿ ಮೇಲಕ್ಕೆ, ಇನ್ನೂ ಮೇಲಕ್ಕೆ ಎದ್ದು ನನ್ನನ್ನು ಹುಡುಕುವುದೂ ಕಂಡಿತು. ನಾನು ಗಾಬರಿಯಾಗಿ ತಟ್ಟನೆ ಕುಸಿದೆ. "ನೋಡಿ, ನೋಡಿ, ಮತ್ತೆ ಬಗ್ಗಿದಳು" ಎಂದು ನರ್ಸಮ್ಮ ತಲೆ ಚಚ್ಚಿಕೊಂಡರು. ಬಸ್ಸಿನಿಂದ ಇಳಿಯುವಾಗ ಅತ್ತೆಯವರು ಹೇಳಿದ್ದು ಒಂದೇ ಮಾತು. "ಆ ನರ್ಸಮ್ಮಂಗೆ ಮನೆ ಕೆಲ್ಸ ಇಲ್ಲ, ಬುಡು."

ಈಗ ನನ್ನ ಸಂಕಟ ನೋಡಿ. ನೆಟ್ಟಗೆ ನಿಲ್ಲದಿದ್ದರೆ ಸೊಂಟ ಕೇಳುವುದಿಲ್ಲ. ನೆಟ್ಟಗೆ ನಿಂತರೆ ನಾನು ಗಂಡನಿಗಿಂತ ನಾಲ್ಕು ಬೆರಳು ಎತ್ತರ ಎಂಬುದು ಊರಿಗೇ ಗೊತ್ತಾಗುತ್ತದೆ. ನನ್ನನ್ನು ಆಡಿಕೊಂಡರೆ ನಾನು ತಿರುಗಿ ಆಡಬಲ್ಲೆ. ಆದರೆ ಅಷ್ಟು ಒಳ್ಳೆಯ ಮನುಷ್ಯನನ್ನು ಜಗಲಿಯ ಮೇಲೆ ಕೂತವರು "ಏಣಿ ತಂದ್ಕೊಡ್ಲೇನ್ಲಾ" ಎಂದು ರೇಗಿಸುವುದನ್ನು ನೆನೆದರೇ ನನಗೆ ಹೊಟ್ಟೆ ಉರಿಯುತ್ತಿತ್ತು. ಸೊಂಟ ಹೋದರೆ ಹೋಗಲಿ ಎಂದುಕೊಂಡವಳು, ಮರುಗಳಿಗೆ ಸೊಂಟ ಹಿಡಿದುಕೊಂಡು "ಅಯ್ಯಪ್ಪಾ" ಎನ್ನುತ್ತಿದ್ದೆ.

ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ಹೊರಗಿನ ಗೋಡೆಗೆ ಒರಗಿ ನಿಂತೆ. ನಾಲ್ಕೂ ತಾಗಿಸಿದೆ. ಎರಡು ನಿಮಿಷ ಆಗಿರಲಿಲ್ಲ, ಎದುರು ಮನೆಯಾಕೆ ಕೊಡ ಇಳಿಸಿ ನಿಂತಳು. "ಯಾಕವ್ವ ಗೋಡೆಗೆ ಅಂಟ್ಕಂಡಿದ್ದೀಯ? ಅತ್ತೆ ಬೈದ್ರಾ?" ಎಂದು ಕೇಳಿದಳು. ಆಮೇಲೆ ಬಾಗಿಲಿನ ಚೌಕಟ್ಟನ್ನೂ ನನ್ನ ತಲೆಯನ್ನೂ ಒಂದು ಸಲ ನೋಡಿದಳು. ನಾನು ಒಳಗೆ ಓಡಿದೆ.

ಜಾಗ ಕೊನೆಗೆ ಮನೆಯೊಳಗೇ ಸಿಕ್ಕಿತು. ನಡುಮನೆಯಲ್ಲಿ ಒಂದು ಹಳೆಯ ಮರದ ಕಂಬ. ಅದರ ಮಗ್ಗುಲಲ್ಲೇ ಅಟ್ಟಕ್ಕೆ ಒಂದು ಚೌಕ ಕಂಡಿ. ಒಣಗಿದ ಕಾಯಿಗಳನ್ನು ಕೆಳಗಿಳಿಸಲು ಮಾಡಿದ್ದು. ಕಂಬ ಆ ಕಂಡಿಯ ಅಂಚಿನಲ್ಲೇ ಹಾದು ಸೂರಿನವರೆಗೆ ಹೋಗುತ್ತಿತ್ತು. ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ ತಲೆ ಸಲೀಸಾಗಿ ಕಂಡಿಯೊಳಗೆ ತೂರುತ್ತಿತ್ತು. ಹಿಮ್ಮಡಿ, ಕುಂಡಿ, ಹೆಗಲು ಮನೆಯಲ್ಲಿ, ತಲೆ ಅಟ್ಟದಲ್ಲಿ. ಸರಿಯಾಗಿ ಹೇಳಬೇಕೆಂದರೆ ಮೂಗಿನವರೆಗೆ ಅಟ್ಟ, ಬಾಯಿಯಿಂದ ಕೆಳಗೆ ಮನೆ. ಹೊಗೆ ಕಟ್ಟಿದ ಇಲ್ಲಣದ ಮಸಿ ತಲೆಗೆ ಉದುರದಿರಲೆಂದು ಒಂದು ಹಳೆಯ ಕಂದು ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಬೆಳಿಗ್ಗೆ ಅತ್ತೆ ಕೊಟ್ಟಿಗೆಗೆ ಹೋದಾಗ ಹತ್ತು ನಿಮಿಷ, ಸಂಜೆ ಹಾಲು ಕರೆಯುವಾಗ ಹತ್ತು ನಿಮಿಷ.

ಆ ಇಪ್ಪತ್ತು ನಿಮಿಷ ನನ್ನ ದಿನದ ಸುಖ. ಸುತ್ತ ಕಣ್ಣು ಹಾಯುವವರೆಗೂ ತೆಂಗಿನಕಾಯಿ, ಹೆಂಚಿನ ಸಂದಿಯಿಂದ ಒಂದೆರಡು ಬಿಸಿಲ ಕೋಲು, ಹೊಗೆಯ ವಾಸನೆ. ನನಗೂ ಆ ಕಾಯಿಗಳಿಗೂ ಒಂದು ಬಗೆಯ ಸಲಿಗೆ ಬೆಳೆಯಿತು. ಒಳಗೊಂದು ಬೆಳೆಸಿಕೊಂಡು ಸುಮ್ಮನೆ ಕಾಯುವ ಕೆಲಸ ನಮ್ಮೆಲ್ಲರದೂ. ಅವಕ್ಕೆ ಹನ್ನೊಂದು ತಿಂಗಳು, ನನಗೆ ಒಂಬತ್ತು. ಮಾವನವರಿಗೆ ಹನ್ನೊಂದರ ಮೇಲೇ ಗೌರವ ಜಾಸ್ತಿ ಇತ್ತು. ಕಂಬದ ಮೇಲೆ, ಅಟ್ಟದ ನೆಲದಿಂದ ಅರ್ಧ ಗೇಣು ಮೇಲೆ, ಅಂಗೈಯಗಲದ ಒಂದು ಕಪ್ಪು ಎಣ್ಣೆಕಲೆ ಇತ್ತು. ಹಿಂದೆ ಯಾರೋ ಅಲ್ಲಿ ದೀಪ ಸಿಕ್ಕಿಸುತ್ತಿದ್ದರೇನೋ ಎಂದುಕೊಂಡು ಅದಕ್ಕೇ ತಲೆ ಒರಗಿಸುತ್ತಿದ್ದೆ.

ಅಜ್ಜಿಯಿಂದ ಮಾತ್ರ ಇದನ್ನು ಮುಚ್ಚಿಡಲು ಆಗಲಿಲ್ಲ. ಎರಡಾಗಿ ಬಾಗಿದ್ದ ಅವರಿಗೆ ಕಾಣುತ್ತಿದ್ದದ್ದು ನೆಲ ಮಾತ್ರ. ಹಾಗಾಗಿ ಮನೆಮಂದಿಯನ್ನೆಲ್ಲ ಅವರು ಪಾದದಿಂದಲೇ ಗುರುತಿಸುತ್ತಿದ್ದರು. ಯಾರು ಎಲ್ಲಿಗೆ ಹೋಗಿಬಂದರು, ಯಾರಿಗೆ ಕೋಪ ಬಂದಿದೆ ಎಂಬುದನ್ನೂ ಕಾಲು ನೋಡಿಯೇ ಹೇಳುತ್ತಿದ್ದರು. ಒಂದು ಸಂಜೆ ನಾನು ಕಂಡಿಯಲ್ಲಿ ನಿಂತಿದ್ದಾಗ ಕೆಳಗೆ ಕೋಲಿನ ಸದ್ದಾಯಿತು. ಕೋಲಿನ ತುದಿ ನನ್ನ ಹಿಮ್ಮಡಿಗೆ ತಾಗಿತು. "ಇನ್ನೊಂಚೂರು ಹಿಂದಕ್ಕೆ ಬಾ. ಹಿಮ್ಮಡಿ ಕಂಬಕ್ಕೆ ಕೊಡು" ಎಂದರು ಅಜ್ಜಿ. ನಾನು ಹಿಂದಕ್ಕೆ ಸರಿದೆ. ಕೋಲಿನ ಸದ್ದು ಅಡುಗೆಮನೆಯ ಕಡೆಗೆ ಹೋಯಿತು. ವಯಸ್ಸಾದವರು ಏನೋ ಅಂದರು ಎಂದು ನಾನೂ ಮರೆತೆ.

ಆರನೇ ತಿಂಗಳು ಮುಗಿಯುವ ಹೊತ್ತಿಗೆ ಸೊಂಟ ಎಷ್ಟೋ ವಾಸಿಯಾಗಿತ್ತು. ನನ್ನ ಅದೃಷ್ಟ ನೆಟ್ಟಗಿದ್ದದ್ದು ಅಲ್ಲಿಯವರೆಗೆ. ಮಾವನವರಿಗೆ ಕಾಯಿ ಪರೀಕ್ಷೆ ಮಾಡುವ ಚಟ. ಹಿತ್ತಿಲ ಕಡೆಯ ಗೋಡೆಯಲ್ಲಿ ಅಟ್ಟಕ್ಕೆ ಕಾಯಿ ತುಂಬುವ ಇನ್ನೊಂದು ಬಾಗಿಲಿತ್ತು. ಅಲ್ಲಿಂದ ಏಣಿ ಹತ್ತಿ ಆಗಾಗ ಒಳಗೆ ನುಸುಳಿ, ಅಲ್ಲೊಂದು ಇಲ್ಲೊಂದು ಕಾಯಿಗೆ ಬೆರಳ ಗೆಣ್ಣಿನಲ್ಲಿ ಬಡಿದು, ಕಿವಿಗೆ ಹಿಡಿದು ಅಲ್ಲಾಡಿಸಿ ಬರುತ್ತಿದ್ದರು. ಸಾಮಾನ್ಯವಾಗಿ ಅವರು ಹತ್ತುತ್ತಿದ್ದದ್ದು ಮಧ್ಯಾಹ್ನ. ಅಂದು ಮುಸ್ಸಂಜೆಗೆ ಹತ್ತಿದರು. ಅಂದು ನಾನು ಎಣ್ಣೆನೀರು ಹಾಕಿಸಿಕೊಂಡ ಸುಖದಲ್ಲಿ ಕಂಡಿಯಲ್ಲಿ ನಿಂತು ಕಣ್ಣು ಮುಚ್ಚಿದ್ದೆ.

ಟಕ್ ಟಕ್ ಎಂದು ನೆತ್ತಿಯ ಮೇಲೆ ಬಡಿದಂತಾಯಿತು. ಕಣ್ಣು ಬಿಟ್ಟರೆ ಕತ್ತಲೆ. ಪಕ್ಕದಲ್ಲಿ ಮಾವನವರ ಉಸಿರು, ಹೊಗೆಸೊಪ್ಪಿನ ವಾಸನೆ. ಮಾವನ ಎದುರು ನಾನು ಅಲ್ಲಿಯವರೆಗೆ ಜೋರಾಗಿ ಕೆಮ್ಮಿದವಳೂ ಅಲ್ಲ. ಅವರು ಎರಡೂ ಕೈಯಿಂದ ನನ್ನ ತಲೆಯನ್ನು ಹಿಡಿದು ಎತ್ತಲು ನೋಡಿದರು. ಬರಲಿಲ್ಲ. "ಇದ್ಯಾಕ್ಲಾ ಏಳ್ತಿಲ್ಲ" ಎಂದು ಗೊಣಗಿದರು. ಆಮೇಲೆ ಎತ್ತುವುದನ್ನು ಬಿಟ್ಟು, ಇದ್ದಲ್ಲೇ ಎರಡು ಸಲ ಅಲ್ಲಾಡಿಸಿ, ಕಿವಿಯನ್ನು ಹತ್ತಿರ ತಂದು ಕೇಳಿದರು. ಒಳಗೆ ಏನೂ ಗುಡುಗುಡು ಎನ್ನಲಿಲ್ಲವೆಂದು ಅವರಿಗೆ ಬೇಸರವಾಗಿರಬೇಕು.

ಇನ್ನು ತಡೆಯಲಾಗಲಿಲ್ಲ. "ಮಾವ, ನಾನು" ಎಂದೆ.

ನನ್ನ ಬಾಯಿ ಅಟ್ಟದ ಕೆಳಗಿತ್ತಲ್ಲ, ಮಾತು ಎಲ್ಲಿಂದಲೋ ಪಾತಾಳದಿಂದ ಬಂದಂತೆ ಬಂತು. ಮಾವನವರು "ಶಿವ ಶಿವಾ" ಎಂದು ಹಿಂದಕ್ಕೆ ಬಿದ್ದರು. ಕಾಯಿಗಳ ರಾಶಿ ಕುಸಿದು ಅವರನ್ನು ಹಿತ್ತಿಲ ಬಾಗಿಲವರೆಗೆ ಉರುಳಿಸಿಕೊಂಡು ಹೋಯಿತು. ಏಣಿ ಇಳಿದರೋ ಹಾರಿದರೋ ತಿಳಿಯದು. ಹಾಲು ಕರೆಯುತ್ತಿದ್ದ ಅತ್ತೆಯವರಿಗೆ ಅವರು ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಅಟ್ಟದ್ ಮ್ಯಾಲೆ ಒಂದ್ ಕಾಯಿ ನನ್ನನ್ನ ಮಾವ ಅಂತು ಕಣೇ!"

ಅತ್ತೆಯವರು ಹಾಲಿನ ಚೊಂಬು ಸಮೇತ ನಡುಮನೆಗೆ ಬಂದರು. ನಾನು ಇನ್ನೂ ಕಂಡಿಯಲ್ಲೇ ಇದ್ದೆ. ಗಾಬರಿಗೆ ಕೆಳಗಿಳಿಯಲು ಮಂಡಿ ಮಡಚಬೇಕೆಂಬುದೇ ಮರೆತುಹೋಗಿತ್ತು. ತಲೆಯಿಲ್ಲದ ಸೊಸೆಯನ್ನು ಅವರು ಒಂದು ಸುತ್ತು ಬಂದು ನೋಡಿದರು. "ಇಳಿಯೇ ಕೆಳಕ್ಕೆ" ಎಂದರು. ನಾನು ಇಳಿದು, ಬಟ್ಟೆ ಬಿಚ್ಚಿ, ನರ್ಸಮ್ಮ ಹೇಳಿದ್ದನ್ನು ಮಾಡುತ್ತಿದ್ದೆನೆಂದು ಅಳುತ್ತಾ ಹೇಳಿದೆ. ಅವರು ಕಂಡಿಯನ್ನೂ ನನ್ನನ್ನೂ ನೋಡಿ ಲೆಕ್ಕ ಹಾಕಿದರು.

"ಅಂದ್ರೆ ನೀನು ನನ್ನ ಮಗನಿಗಿಂತ ಎತ್ರ."

ನಾನು ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದೆ.

"ನೋಡಕ್ಕೆ ಬಂದಾಗ ಕುಂತೇ ಇದ್ದೆಯಲ್ಲೇ! ಆಹಾ ನಿಮ್ಮವ್ವಾ!" ಎಂದು ಹಾಲನ್ನು ಪಕ್ಕಕ್ಕಿಟ್ಟು ಕುಳಿತುಬಿಟ್ಟರು. ಕೂತಲ್ಲೇ ದನಿ ಇಳಿಸಿ, "ಆಗಿದ್ದಾಯ್ತು. ಮುಂದಿನ ತಿಂಗ್ಳು ಸೀಮಂತ. ಊರೆಲ್ಲ ಬತ್ತೈತೆ. ಆರತಿಗೆ ಅವನ ಪಕ್ಕ ನಿಂತಾಗ ಬಗ್ಗಿರು. ಅದೊಂದಿನ ಅವನ ಮಾನ ಉಳ್ಸು. ಆಮೇಲೆ ತವರಿಗೆ ಹೋಗಿ ಬೇಕಾದಂಗೆ ನಿಂತ್ಕ" ಎಂದರು. ಅವರು ಬೈದಿದ್ದರೆ ಸುಲಭವಿತ್ತು. ಬೇಡಿಕೊಂಡರು. ನಾನು ಒಪ್ಪಿದೆ. ಮಾವನವರು ಮಾತ್ರ ಮೂರು ದಿನ ನಾನಿದ್ದ ಕಡೆ ತಲೆ ಹಾಕಲಿಲ್ಲ, ಊಟವನ್ನೂ ಜಗಲಿಗೇ ತರಿಸಿಕೊಂಡರು.

ಏಳನೇ ತಿಂಗಳಲ್ಲಿ ಸೀಮಂತ. ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ತವರಿನಿಂದ ಅಮ್ಮ ಅಪ್ಪ ಬಂದಿದ್ದರು. ನನ್ನನ್ನು ಮಣೆಯ ಮೇಲೆ ಕೂರಿಸಿ ಮೊಣಕೈವರೆಗೆ ಹಸಿರು ಬಳೆ ತೊಡಿಸಿದರು, ಮಡಿಲು ತುಂಬಿದರು. ಕೂತಿರುವವರೆಗೆ ಯಾವ ತೊಂದರೆಯೂ ಇರಲಿಲ್ಲ, ಕೂರುವುದರಲ್ಲಿ ನನಗೆ ಮೊದಲಿನಿಂದ ಒಳ್ಳೆಯ ಹೆಸರಿತ್ತು. ಆಮೇಲೆ ಆರತಿ. ಆ ಮನೆಯಲ್ಲಿ ಆರತಿಗೆ ಗಂಡ ಹೆಂಡತಿ ಇಬ್ಬರನ್ನೂ ಜೊತೆಯಾಗಿ ನಿಲ್ಲಿಸುವ ರೂಢಿ. ಶಾಸ್ತ್ರದ ಜಾಗವಾದ್ದರಿಂದ ಯಜಮಾನರು ಬೂಟು ಬಿಟ್ಟು ಬರಿಗಾಲಲ್ಲಿ ಬಂದು ನಿಂತರು.

ನಾನು ಎದ್ದೆ. ಸೀರೆಯೊಳಗೆ ಮಂಡಿ ಮಡಚಿದೆ. ಮದುವೆಯ ದಿನ ಬರೀ ನನ್ನ ತೂಕ ಹೊತ್ತಿದ್ದ ಮಂಡಿಗಳು ಈಗ ಇಬ್ಬರನ್ನು ಹೊರಬೇಕಾಗಿತ್ತು. ಆರತಿ ಹಿಡಿದ ಮುತ್ತೈದೆಯರು ಹಾಡು ಶುರು ಮಾಡಿದರು. ಆ ಹಾಡಿಗೆ ಕೊನೆಯೇ ಇರಲಿಲ್ಲ. ಮೂರನೇ ನುಡಿಗೆ ತೊಡೆ ನಡುಗತೊಡಗಿತು. ಐದನೇ ನುಡಿಗೆ ಸೊಂಟದಲ್ಲಿ ಹಳೆಯ ನೋವು ಎದ್ದಿತು. ಹಣೆಯಿಂದ ಬೆವರು ಇಳಿದು ಕುಂಕುಮ ಮೂಗಿಗೆ ಬಂತು. ಪಕ್ಕದಲ್ಲಿ ಯಜಮಾನರೂ ಏಕೋ ಬೆವರುತ್ತಿದ್ದರು. ಅತ್ತೆಯವರು ಗುಂಪಿನ ಮುಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನೊಂದು ನುಡಿ ಬಂದರೆ ನಾನು ಬೀಳುತ್ತೇನೆ ಎನಿಸಿತು. ಬಿದ್ದರೂ ಪರವಾಗಿಲ್ಲ, ಹೊಟ್ಟೆಯ ಮೇಲೆ ಬೀಳಬಾರದು ಎಂದು ಎಡಕ್ಕೆ ಜಾಗ ನೋಡಿಕೊಂಡೆ.

ಅಷ್ಟರಲ್ಲಿ ನಮ್ಮ ಕಾಲ ಬಳಿ ಕೋಲಿನ ಸದ್ದಾಯಿತು. ಅಜ್ಜಿ ಗುಂಪನ್ನು ಸೀಳಿಕೊಂಡು ಬಂದು ನೆಲ ನೋಡುತ್ತಾ ನಿಂತಿದ್ದರು. ಕೋಲಿನಿಂದ ಮೊಮ್ಮಗನ ಕಾಲನ್ನು ತಟ್ಟಿದರು.

"ಯಾಕ್ಲಾ ತುದಿಗಾಲಲ್ಲಿ ನಿಂತಿದ್ದೀಯ?"

ಹಾಡು ನಿಂತಿತು. ಎಲ್ಲರ ಕಣ್ಣೂ ಕೆಳಗೆ ಹೋಯಿತು, ನನ್ನದೂ. ಯಜಮಾನರ ಹಿಮ್ಮಡಿಗಳು ನೆಲದಿಂದ ನಾಲ್ಕು ಬೆರಳು ಮೇಲಿದ್ದವು. ಬೆರಳ ತುದಿಗಳು ಬಿಳುಚಿ ನಡುಗುತ್ತಿದ್ದವು.

"ಇವ್ಳ ಸೀರೆ ಯಾಕೆ ನೆಲದ್ಮ್ಯಾಲೆ ಬಿದ್ದು ಒದ್ದಾಡ್ತೈತೆ? ಮಂಡಿ ಮಡಚವ್ಳೆ ಇವ್ಳು" ಎಂದು ಅಜ್ಜಿ ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದರು. "ಒಬ್ಬ ಮ್ಯಾಕೆ, ಒಬ್ಳು ಕೆಳಕ್ಕೆ. ಇದೇನ್ ಆಟ? ಇಬ್ರೂ ನೆಟ್ಟಗೆ ನಿಂತ್ಕಳಿ! ಹೊಟ್ಟೇಲಿರೋದಕ್ಕೆ ಉಸಿರು ಕಟ್ತೈತೆ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಹಿಮ್ಮಡಿ ಇಳಿಸಿದರು. ನಾನು ಮಂಡಿ ಬಿಟ್ಟೆ. ಅವರು ಇಳಿಯುತ್ತಾ ಹೋದರು, ನಾನು ಏರುತ್ತಾ ಹೋದೆ. ನೋಡುವವರಿಗೆ ಬಾವಿಯ ಎರಡು ಬಿಂದಿಗೆ ಕಂಡಂತಾಗಿರಬೇಕು. ಯಾರೋ ಕಿಸಕ್ಕೆಂದರು. ಆಮೇಲೆ ಚಪ್ಪರವೇ ನಕ್ಕಿತು. ನನ್ನ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಕೆಮ್ಮತೊಡಗಿದರು. ಅತ್ತೆಯವರು "ಕೂರ್ಸಿ ಮದ್ವೆ ಮಾಡ್ಬುಟ್ರು ಕಣ್ರವ್ವ!" ಎಂದು ಅಮ್ಮನ ಕಡೆ ಕೈ ತೋರಿಸಿದರು. ನನಗೆ ನಾಚಿಕೆ, ನೋವು, ಸಿಟ್ಟು ಎಲ್ಲ ಒಟ್ಟಿಗೆ ನುಗ್ಗಿತು. ಆದರೆ ಸೊಂಟಕ್ಕೆ ಆದ ಹಾಯಿ ಮಾತ್ರ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಯಜಮಾನರು ಬಗ್ಗಿ ಮೀನಖಂಡ ತಿಕ್ಕಿಕೊಂಡರು. "ಅಬ್ಬಾ" ಎಂದರು ನನಗೆ ಮಾತ್ರ ಕೇಳುವಂತೆ. "ಮೂರು ವರ್ಷದಿಂದ ಆ ಬೂಟಲ್ಲಿ ಕಾಲು ಸತ್ತೋಗಿತ್ತು. ಸ್ಟುಡಿಯೋದಲ್ಲಿ ಫೋಟೋದವನು ಕಾಲಡಿಗೆ ಇಟ್ಟಿಗೆ ಕೊಟ್ಟಿದ್ದ, ಇಲ್ಲಿ ಯಾವನೂ ಕೊಡ್ಲಿಲ್ಲ."

ನಾನು ಅವತ್ತು ಆರತಿಯ ಎದುರು ನಕ್ಕಷ್ಟು ಬೇರೆಲ್ಲೂ ನಕ್ಕಿಲ್ಲ. ನಮ್ಮ ಫೋಟೋದ ಸಮಕ್ಕೆ ನನ್ನ ಮಂಡಿಗಳೇ ಕಾರಣವೆಂದು ಮೂರು ವರ್ಷ ಬೀಗಿದ್ದೆನಲ್ಲ, ಅರ್ಧ ಪಾಲು ಇಟ್ಟಿಗೆಯದು.

ನೆಂಟರ ಊಟ ಮುಗಿದ ಮೇಲೆ ಅಜ್ಜಿ ನಡುಮನೆಯ ಕಂಬದ ಬಳಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಮಾವನವರು ಹೊಸ್ತಿಲಾಚೆ ಜಗಲಿಯ ಮೇಲೆ ಒರಗಿದ್ದರು.

"ಮ್ಯಾಲೆ ಆ ಕಂಬದಾಗೆ ಒಂದ್ ಕಲೆ ಐತಲ್ಲ, ನೋಡಿದ್ದೀಯಾ?" ಎಂದರು ಅಜ್ಜಿ.

"ನೋಡಿದ್ದೀನಜ್ಜಿ. ದೀಪದ ಎಣ್ಣೆ ಅನ್ಕಂಡಿದ್ದೆ."

"ಅದು ನನ್ ತಲೆ ಎಣ್ಣೆ ಕಣೇ."

ನನಗೆ ತಕ್ಷಣಕ್ಕೆ ಅರ್ಥವಾಗಲಿಲ್ಲ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಹೊರಗೆ ಕುಂತವ್ನಲ್ಲ, ನಿನ್ ಮಾವ, ಅವ್ನು ಹೊಟ್ಟೇಲಿದ್ದಾಗ ಶುರು ಮಾಡ್ದೆ. ಸೊಂಟ ಕಿತ್ಕಂಡು ಹೋಗದು. ನಂಗ್ಯಾವ ನರ್ಸಮ್ಮ ಹೇಳ್ಬೇಕು, ಮೈಯೇ ಹೇಳ್ತು. ಯಾರೂ ಇಲ್ದಾಗ ಕಂಡೀಲಿ ತಲೆ ಇಟ್ಕಂಡು ನಿಂತ್ಕತಿದ್ದೆ. ಎಲ್ಡನೇದಕ್ಕೂ ನಿಂತೆ, ಮೂರಕ್ಕೂ ನಿಂತೆ. ಐದನೇದರ ಹೊತ್ಗೆ ತಲೆ ಆ ಕಲೆಗೆ ಎಟುಕಲಿಲ್ಲ. ಆಮೇಕೆ ಬುಟ್ಬುಟ್ಟೆ."

ಅವರು ಇದನ್ನು ಹಾಲು ಉಕ್ಕಿ ಹೋದ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದರು. ನನ್ನ ಕಣ್ಣು ತುಂಬಿತು. ಜಗಲಿಯ ಮೇಲೆ ಮಾವನವರು ಎದ್ದು ಕೂತದ್ದು ಕಂಡಿತು. ಟವಲು ಕೊಡವಿಕೊಂಡು ತೋಟದ ಕಡೆ ಹೋದರು.

ಮರುದಿನ ನಾನು ಅಮ್ಮನ ಜೊತೆ ತವರಿಗೆ ಹೋದೆ. ಅಲ್ಲಿ ಎರಡು ತಿಂಗಳು ಎಲ್ಲರ ಕಣ್ಣೆದುರೇ ಗೋಡೆಗೆ ಒರಗಿ ನಿಂತೆ. ಅಮ್ಮ ಒಂದು ಸಲವೂ ಬಗ್ಗು ಎನ್ನಲಿಲ್ಲ, ಪಾಪ. ಮಗಳು ಹುಟ್ಟಿದಳು. ಉದ್ದ ಕಾಲಿನ ಕೂಸು. ಮಗುವನ್ನು ನೋಡಲು ಬಂದ ಯಜಮಾನರು ಚಪ್ಪಲಿಯಲ್ಲಿ ಬಂದಿದ್ದರು.

ಐದು ತಿಂಗಳ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹಿಂತಿರುಗಿದಾಗ ಅಭ್ಯಾಸಬಲದಿಂದ ಬಾಗಿಲಲ್ಲೇ ತಲೆ ಬಗ್ಗಿಸಿದೆ. ನಾಲ್ಕು ಹೆಜ್ಜೆ ಹೋದ ಮೇಲೆ ಏನೋ ವ್ಯತ್ಯಾಸ ಕಂಡಿತು. ಅಟ್ಟ ಒಂದು ಮೊಳ ಮೇಲಕ್ಕೆ ಹೋಗಿತ್ತು. ತೊಲೆಗಳನ್ನು ಬಿಚ್ಚಿ, ಗೋಡೆಯಲ್ಲಿ ಹೊಸ ಜಾಗ ಕೊರೆದು ಕೂರಿಸಿದ್ದರು. ನಾನು ಮೇಲೆ ನೋಡುತ್ತಾ ನಿಂತದ್ದನ್ನು ಕಂಡು ಮಾವನವರು ಗೋಡೆಯ ಕಡೆ ತಿರುಗಿ, "ಕೊಬ್ರಿಗೆ ಗಾಳಿ ಆಡ್ಲಿ ಅಂತ" ಎಂದರು. ಸಾಯುವವರೆಗೂ ಅವರು ಬೇರೆ ಕಾರಣ ಹೇಳಲಿಲ್ಲ. ಅಷ್ಟು ಎತ್ತರಕ್ಕೆ ಒಲೆಯ ಬಿಸಿ ಸರಿಯಾಗಿ ಮುಟ್ಟದೆ ಆ ಮನೆಯ ಕಾಯಿ ಒಣಗಲು ಅಲ್ಲಿಂದ ಮುಂದೆ ಇನ್ನೊಂದು ತಿಂಗಳು ಹೆಚ್ಚು ಬೇಕಾಯಿತು ಎಂಬುದನ್ನೂ ಅವರು ಬಾಯಿಬಿಟ್ಟು ಹೇಳಲಿಲ್ಲ.

ಅಟ್ಟ ಮೇಲೆ ಹೋದದ್ದರಿಂದ ಕಂಬದ ಮೇಲಿನ ಎಣ್ಣೆಕಲೆ ಈಗ ನಡುಮನೆಯ ಒಳಗೆ, ಎಲ್ಲರ ಕಣ್ಣೆದುರು ಬಂದಿತ್ತು. ಅತ್ತೆಯವರು ಉಜ್ಜಿಸಬೇಕೆಂದಿದ್ದರಂತೆ, ಮಾವನವರು ಬಿಟ್ಟಿರಲಿಲ್ಲ. ನಾನು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿದೆ. ಅವರು ಮೊದಲು ಅದರ ಪಾದಗಳನ್ನು ಹಿಡಿದು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಕಂಬಕ್ಕೆ ನಿಂತ್ಕಳೇ. ಹಿಮ್ಮಡಿ ತಾಗ್ಸು. ನೆಟ್ಟಗೆ."

ನಿಂತೆ. ಉಸಿರೆಳೆದು, ಇದ್ದಬದ್ದ ಎತ್ತರವನ್ನೆಲ್ಲ ಸೇರಿಸಿ ನಿಂತೆ.

"ನನ್ ಕಲೆ ಎಲ್ಲಿಗೆ ಬತ್ತೈತೆ?"

ನೆತ್ತಿಯ ಮೇಲೆ ಅಂಗೈಯನ್ನು ಅಡ್ಡ ಇಟ್ಟುಕೊಂಡು, ಅದನ್ನು ಕಂಬಕ್ಕೆ ಒತ್ತಿ ಹಿಡಿದು, ಕೆಳಗಿನಿಂದ ನುಸುಳಿ ತಿರುಗಿ ನೋಡಿದೆ. ಇನ್ನೊಂದು ಸಲ ನಿಂತು ಅಳೆದೆ. ಕಲೆಯ ಮೇಲಂಚು ನನ್ನ ನೆತ್ತಿಯನ್ನೂ ಮೀರಿತ್ತು.

"ನನ್ ತಲೆಗಿಂತ ಎರಡು ಬೆರಳು ಮೇಲೈತೆ ಅಜ್ಜಿ" ಎಂದೆ.

ಅಜ್ಜಿಯ ಬಾಗಿದ ಬೆನ್ನು ಕುಲುಕಿತು. ನಗುತ್ತಿದ್ದರು. ಮಗುವಿನ ಪಾದ ಬಿಡದೆ, ನನ್ನ ಪಾದಗಳನ್ನು ನೋಡುತ್ತಾ, "ಗಿಡ್ಡಿ ಕಣೇ ನೀನು" ಎಂದರು.

ನನ್ನನ್ನು ಗಿಡ್ಡಿ ಎಂದವರು ಈ ಲೋಕದಲ್ಲಿ ಅವರೊಬ್ಬರೇ.